ಆರನೇ ಗುಂಡಿ

ಲೀತ್ ಬಂದರಿನ ಹಿಂಬೀದಿಯಲ್ಲೊಂದು ಪಬ್ಬು,
ಅದರ ನೆಲಮಾಳಿಗೆಯಲ್ಲಿ ನಮ್ಮ ಅಂತರಿಕ್ಷ.
ಮೆಟ್ಟಿಲಿಳಿಯುವಾಗ ತಲೆ ಬಗ್ಗಿಸಿ;
ಬೇರೆ ಗ್ರಹಕ್ಕೆ ಹೊರಟವರಿಗೂ
ತೊಲೆ ಬಡಿಯುವುದು ಹಣೆಗೇ.

ನಾನು ಲೈಟಿನವನು. ಎಂಟು ಗುಂಡಿ, ಒಂದು ಸ್ಟೂಲು,
ಬೆನ್ನಿಗೆ ತಣ್ಣಗೆ ತಾಗುವ ಬಿಯರಿನ ಪೀಪಾಯಿ.
ಮೊರಾಗ್ ಮುಖಕ್ಕೆ ಹಸಿರು ಬಳಿದುಕೊಳ್ಳುತ್ತಾಳೆ,
ಚಹಾ ಸೋಸುವ ಎರಡು ಜಾಲರಿ ಅವಳ ಕೊಂಬು.
ಬಾಗಿಲಲ್ಲಿ ಬಂದವರಿಗೆಲ್ಲ ಒಂದೊಂದು ಅರ್ಜಿ:
ಹುಟ್ಟಿದ ಗ್ರಹ ಯಾವುದು?
ಇಲ್ಲಿಗೆ ಬಂದ ಉದ್ದೇಶ?
ಮನುಷ್ಯರು ನಕ್ಕಾಗ ನೀವೂ ನಗುತ್ತೀರೋ,
ಇಲ್ಲ, ಒಂದು ಕ್ಷಣ ತಡವಾಗಿಯೋ?
ಪೆನ್ಸಿಲು ವಾಪಸು ಕೊಡತಕ್ಕದ್ದು.

ಆಟ ಸರಳ. ಅವಳ ನೌಕೆ ಕೆಟ್ಟಿದೆ
(ನೌಕೆ ಅಂದರೆ ಹಳೇ ಬಟ್ಟೆ ಒಗೆಯುವ ಮಿಷನ್ನು),
ಮನುಷ್ಯಳಾಗುವುದನ್ನು ಪ್ರೇಕ್ಷಕರೇ ಕಲಿಸಬೇಕು.
ಕುಲುಕಿದ ಕೈಯನ್ನು ಯಾವಾಗ ಬಿಡುವುದು?
ಹವಾಮಾನದ ಮಾತು ಮುಗಿದ ಮೇಲೇನು?
“ಒಮ್ಮೆ ಮನೆಗೆ ಬನ್ನಿ” ಅಂದರೆ ಹೋಗಬೇಕೋ?
“ಅಯ್ಯೋ, ಹೋಗಿಬಿಟ್ಟೀಯೆ!” ಇಪ್ಪತ್ತೇಳು ಗಂಟಲು.
ಕೊನೆಗೊಂದು ಚುನಾವಣೆ:
ಈ ಕೋಣೆಯಲ್ಲಿ ಅನ್ಯಗ್ರಹದವರು ಯಾರು? ಬೆರಳೆತ್ತಿ ತೋರಿಸಿ.
ಎಲ್ಲ ಬೆರಳೂ ಅವಳತ್ತ. ನಾನು ಆರನೇ ಗುಂಡಿ ಒತ್ತುತ್ತೇನೆ,
ಹಸಿರು ಬೆಳಕು, ಮಿಷನ್ನಿನ ಗಡಗಡ, ಚಪ್ಪಾಳೆ, ಮುಗೀತು.

ಆ ಗುರುವಾರ ಹಾಗಾಗಲಿಲ್ಲ.
ಮೂರನೇ ಸಾಲಿನ ತುದಿಯಲ್ಲೊಬ್ಬ ಮುದುಕ,
ಡೂಗಲ್ ಎಂದು ಅರ್ಜಿಯಲ್ಲಿ ಬರೆದಿದ್ದವನು,
ಎತ್ತಿದ ಬೆರಳನ್ನು ಮಡಚಿ
ತನ್ನೆದೆಗೇ ಇಟ್ಟುಕೊಂಡ.
ಹೋ ಎಂದು ನಗು. ನಾಟಕದವನೇ ಇರಬೇಕು ಅಂದುಕೊಂಡರು.

“ಇಲ್ಲ, ಬರೆದುಕೊಳ್ಳಿ,” ಅಂದ. “ನಲವತ್ತು ವರ್ಷ
ಲಿಫ್ಟು ರಿಪೇರಿ. ಅದರ ನೆತ್ತಿಯ ಮೇಲೆ ಕೂತು ಕೆಲಸ.
ಕೆಳಗೆ ಜನ ಮಾತಾಡುವುದು ಕೇಳಿಸುತ್ತಿತ್ತು, ತಗಡಿನಾಚೆ.
ಇಳಿದು ಒಳಗೆ ಬಂದೆನೋ,
ಎಲ್ಲರೂ ತಲೆಯೆತ್ತಿ ಅಂತಸ್ತಿನ ನಂಬರು ನೋಡುವವರೇ.
ಮದುವೆ ಕುಣಿತದಲ್ಲಿ ಸಾಲು ಎಡಕ್ಕೆ ತಿರುಗಿದರೆ ನಾನು ಬಲಕ್ಕೆ.
ಊರಿಗೊಂದು ದಾರಿ, ಪೋರನಿಗೊಂದು ದಾರಿ ಅಂತಾರೆ.
ಎಪ್ಪತ್ತಮೂರಾಯಿತು, ಪೋರನಂತೂ ಅಲ್ಲ.
ದಾರಿ ಮಾತ್ರ ಅದೇ.”

ಮೊರಾಗ್‌ಗೆ ಮಾತು ಮರೆತುಹೋಯಿತು.
ಜಾಲರಿಯೊಂದು ಜಾರಿ ಕಿವಿಯ ಬಳಿ ತೂಗಿತು.
ಅರ್ಧ ನಕ್ಕ ನಗು, ಎಲ್ಲಿ ಕೂರಬೇಕೋ ತಿಳಿಯದೆ
ಕುರ್ಚಿಗಳ ನಡುವೆ ಸುಳಿದಾಡಿತು.

ಆಮೇಲೆ ಒದ್ದೆ ಉಣ್ಣೆಕೋಟಿನ ಹೆಂಗಸೊಬ್ಬಳು
ತನ್ನತ್ತ ಬೆರಳು ಮಾಡಿಕೊಂಡಳು. ಮಾತಿಲ್ಲ.
ಪಕ್ಕದಲ್ಲಿ ಅವಳ ಗಂಡ,
ಅವನಿಗಿದು ಹೊಸ ಸುದ್ದಿ.
ಇನ್ನೊಬ್ಬ. ಹಿಂದಿನ ಸಾಲಿನ ಅಕ್ಕತಂಗಿಯರು.
ಖಾಲಿ ಗ್ಲಾಸು ಆಯಲು ಬಂದ ಪಬ್ಬಿನ ಹುಡುಗ,
ಟಿಕೆಟ್ಟೇ ಇಲ್ಲದವನು, ಅವನೂ.
ಎಲ್ಲರೂ ಅಲ್ಲ, ಸುಳ್ಳೇಕೆ ಹೇಳಲಿ.
ಹನ್ನೊಂದು ಮಂದಿ. ಉಳಿದವರು ಬೂಟು ನೋಡಿಕೊಂಡರು,
ಒಬ್ಬ ಫೋನು ತೆಗೆದು ಕೊನೇ ಬಸ್ಸಿನ ಹೊತ್ತು ನೋಡಿದ.

ನನ್ನ ಬೆರಳು ಆರನೇ ಗುಂಡಿಯ ಮೇಲೆ.
ಯಾರ ಮೇಲೆ ಬಿಡಲಿ ಹಸಿರನ್ನು?
ಬೆಳಕಿನ ಹಿಂದೆ ಕೂತವನನ್ನು ಯಾರೂ
ನೀನೆಲ್ಲಿಯವನು ಎನ್ನುವುದಿಲ್ಲ;
ಅದಕ್ಕೇ ಹಿಡಿದೆನೇನೋ ಈ ಕೆಲಸ.
ದೀಪದ ಕತ್ತು ಹಿಡಿದು ತಿರುಗಿಸಿದೆ. ಕೈ ಸುಟ್ಟಿತು,
ಬೆಳಕು ದಿಕ್ಕು ತಪ್ಪಿ ಛಾವಣಿಗೆ ಬಿತ್ತು.
ಅಲ್ಲೊಂದು ಜೇಡ,
ಎಂಟು ಕಾಲೂ ಎಲ್ಲಿಡುವುದೆಂದು ಬೆಪ್ಪಾಗಿ ನಿಂತಿತು.
ಮಿಷನ್ನು ಮಾತ್ರ ತನ್ನ ಪಾತ್ರ ಮರೆಯದೆ ಗಡಗಡಿಸಿತು.
ಆಗ ನಕ್ಕರು, ಎಲ್ಲರೂ ಒಟ್ಟಿಗೆ,
ಡೂಗಲ್ ಒಂದು ಕ್ಷಣ ತಡವಾಗಿ.

ನಲ್ಲಿಯಲ್ಲಿ ಬಿಸಿನೀರಿರಲಿಲ್ಲ.
ಮೊರಾಗ್ ಹಸಿರಾಗಿಯೇ ಬಸ್ಸು ಹತ್ತಿದಳು.
ಡ್ರೈವರು ಮುಖ ನೋಡಿದ, ಕೈ ನೋಡಿದ,
ಸರಿಯಾಗಿ ಚಿಲ್ಲರೆ ಕೊಡಿ, ಅಂದ.

ಮರುದಿನ ಪೆನ್ಸಿಲು ಎಣಿಸಿದೆ: ನಾಲ್ಕು ಕಡಿಮೆ.
ಅರ್ಜಿಗಳ ಕಟ್ಟಿನಲ್ಲಿ ಅವನದೂ ಇತ್ತು.
ಗ್ರಹದ ಮುಂದೆ ಖಾಲಿ ಬಿಟ್ಟಿದ್ದಾನೆ.
ಬಂದ ಉದ್ದೇಶ, ದುಂಡನೆ ಅಕ್ಷರದಲ್ಲಿ:
ಯಾರೋ ನಡುವೆ ಸಿಕ್ಕಿಕೊಂಡಿದ್ದಾರೆ ಎಂದು ಕರೆ ಬಂದಿತ್ತು.