ಯತಿ

ಮ್ಯಾಂಗನೀಸ್ ಗಣಿಯ ಊರು ನಮ್ಮದು, ಚಿಯಾತುರಾ.
ನದಿಯೇ ಇಲ್ಲಿ ಮಸಿ, ಅದ್ದಿ ಬರೆಯಬಹುದು
ಎಂದು ಮೊದಲ ವರ್ಷ ತರಗತಿಯಲ್ಲಿ ಹೇಳಿದ್ದೆ.
ಯಾರೂ ನಗಲಿಲ್ಲ.
ಅದೇ ನೀರಲ್ಲಿ ಬಟ್ಟೆ ಒಗೆದವರ ಮಕ್ಕಳು ಅವರು.

ಈಗ ಇಪ್ಪತ್ತೆರಡನೆಯ ವರ್ಷ. ಹತ್ತನೆಯ ತರಗತಿ,
ಹನ್ನೊಂದು ಮಕ್ಕಳು, ಹೊಗೆ ಕಾರುವ ಒಂದು ಸೌದೆ ಒಲೆ,
ಪದ್ಯದ ಬುಡದಲ್ಲಿ ಅಚ್ಚಾದ ಪ್ರಶ್ನೆ:
ಕವಿಯ ಆಶಯವೇನು? ನಾಲ್ಕು ಅಂಕ.
ಆಶಯವನ್ನು ನಾನೇ ಹಲಗೆಯ ಮೇಲೆ ಬರೆದುಕೊಡುತ್ತೇನೆ.
ನನ್ನ ಕಾಗುಣಿತದ ತಪ್ಪೂ ಸೇರಿ
ಹನ್ನೊಂದು ಪುಸ್ತಕಗಳಲ್ಲಿ ಅದೇ ಆಶಯ.

ಮೊನ್ನೆ ಮಾಲ್ಖಾಝ್ ಕೈ ಎತ್ತಿದ:
"ಟೀಚರ್, ಈ ಕವಿಗಳು ಯಾಕೆ
ಸಾಲನ್ನ ಅಂಚಿನ ತನಕ ಬರೆಯೋದಿಲ್ಲ?
ಎಷ್ಟು ಕಾಗದ ದಂಡ!"
ಅಪ್ಪನಿಗೆ ಅಂಗಡಿಯಿದೆ, ಹುಡುಗನಿಗೆ ಲೆಕ್ಕ ಗೊತ್ತು.
ಲಯ ಎಂದೆ, ಯತಿ ಎಂದೆ,
ಉಸಿರು ತಂಗುವ ಜಾಗ ಎಂದೆ,
ಹೇಳಹೇಳುತ್ತ ನನಗೇ ಅನುಮಾನ ಬಂದು
ನಾಳೆ ನೋಡೋಣ ಎಂದೆ.
ಅಷ್ಟರಲ್ಲಿ ಗಂಟೆ ಬಾರಿಸಿದ, ಯಾರೋ ಪುಣ್ಯಾತ್ಮ.

ಶಾಲೆ ಕೆಳಗೆ, ಮನೆಗಳು ಬಂಡೆಯ ನೆತ್ತಿಯಲ್ಲಿ.
ಸಂಜೆಯ ತಂತಿಗಾಡಿಯಲ್ಲಿ ನಾನು, ಮಾಲ್ಖಾಝ್, ಪಿಕ್ರಿಯಾ,
ಒಂದು ಮೂಟೆ ಈರುಳ್ಳಿ, ಅದರ ಯಜಮಾನ.
ಕೊಕ್ಕೆ ಹಾಕಿ ಝುಝುನಾ ಗುಂಡಿ ಒತ್ತಿದಳು.
ನದಿ ದಾಟಿ, ರೈಲು ಹಳಿ ದಾಟಿ,
ಕೊನೆಯ ಚಿಮಣಿಯನ್ನೂ ದಾಟಿ
ಇನ್ನೇನು ಬಂಡೆ ಮುಟ್ಟಬೇಕು ಅನ್ನುವಲ್ಲಿ

                              ನಿಂತಿತು.

ಕರೆಂಟು ಹೋಗಿತ್ತು.
ತೂಗಾಟ ಸಣ್ಣದಾಗುತ್ತ ಆಗುತ್ತ ಇಲ್ಲವಾಯಿತು.
ಕಾಲಡಿ ತಗಡು, ತಗಡಿನಡಿ ಬರೀ ಗಾಳಿ.
ಈರುಳ್ಳಿಯವನು ಎದೆಯ ಮೇಲೆ ಶಿಲುಬೆ ಬರೆದುಕೊಂಡ.
ಝುಝುನಾ ಚೀಲದಿಂದ ಹೆಣಿಗೆ ತೆಗೆದಳು,
ಅವಳಿಗಿದು ವಾರಕ್ಕೊಮ್ಮೆ.

ಇಷ್ಟು ವರ್ಷ ಗಾಲಿಯ ಕಿರುಗುಟ್ಟುವಿಕೆಯಡಿ
ಮುಚ್ಚಿಹೋಗಿದ್ದದ್ದು ಆಗ ಕೇಳಿಸಿತು:
ಕೆಳಗಿನ ಅಂಗಳದಲ್ಲಿ ಯಾರೋ ಒಬ್ಬಳು
ಕಂಬಳಿ ನೇತುಹಾಕಿ ಧೂಳು ಬಡಿಯುತ್ತಿದ್ದಳು.
ಕೋಲು ಬೀಳುವುದು ಕಾಣುತ್ತದೆ,
ಸದ್ದು ಒಂದಿಷ್ಟು ತಡವಾಗಿ ಮೇಲೆ ಬರುತ್ತದೆ.
ಮಾಲ್ಖಾಝ್ ಕಂಬಿ ಹಿಡಿದು ಸುಣ್ಣದಂತಾಗಿದ್ದ.
ಪಾಠಕ್ಕೆ ಇಂಥ ಹೊತ್ತು ಮತ್ತೆ ಸಿಕ್ಕೀತೇ
ಎಂದು ನಾನು ಬಾಯಿ ತೆರೆದೆ.
ಪಿಕ್ರಿಯಾ ತೋಳು ಹಿಡಿದಳು:
"ಶ್, ಟೀಚರ್. ಎಣಿಸ್ತಿದ್ದೀನಿ."

ಹದಿನೇಳು ನಿಮಿಷ. ಮೇಲೆ ತಲುಪಿದಾಗ
ಎಲ್ಲರಿಗೂ ಒಂದೊಂದು ಈರುಳ್ಳಿ ಕೊಟ್ಟ, ಯಾಕೋ.

ಮರುದಿನ ಬರೆಯಲು ಹೇಳಿದೆ. ಏನಾದರೂ.
ಮಾಲ್ಖಾಝನದು ಒಂದೂವರೆ ಪುಟ,
ಅಂಚಿನಿಂದ ಅಂಚಿಗೆ, ಚೂರೂ ಜಾಗ ಬಿಡದೆ,
ಈರುಳ್ಳಿ ಕಿಲೋಗೆ ಎಷ್ಟೆಂಬುದೂ ಸೇರಿ.
ಒಂದು ಕಡೆ ಮಾತ್ರ, "ಇನ್ನೇನು" ಎಂಬಲ್ಲಿ,
ಅರ್ಧ ಸಾಲು ಖಾಲಿ.
ಇಪ್ಪತ್ತೆರಡು ವರ್ಷದ ಕೈ ನನ್ನದು,
ಸುತ್ತಲೂ ಕೆಂಪು ವೃತ್ತ ಎಳೆದು
"ಪೂರ್ತಿ ಮಾಡು" ಎಂದು ಬರೆದೇಬಿಟ್ಟಿತ್ತು.

ಪಿಕ್ರಿಯಾಳದು ಎರಡೇ ಸಾಲು:
ಅವಳು ಕಂಬಳಿಗೆ ಹೊಡೆದಳು.
ಅದು ಅತ್ತದ್ದು ಆಮೇಲೆ.
ಅವಳ ಮನೆಯ ಸಂಗತಿ ಊರಿಗೆಲ್ಲ ಗೊತ್ತು.
ನಾನು ಏನೂ ಕೇಳಲಿಲ್ಲ. ಅವಳೇ ಕೇಳಿದಳು:
"ಆಶಯ ನೀವೇ ಬರೆದುಕೊಡ್ತೀರಾ?"

ರಾತ್ರಿ ಅಡುಗೆಮನೆಯ ಮೇಜಿನಲ್ಲಿ
ಬ್ಲೇಡು ಹಿಡಿದು ಆ ಕೆಂಪನ್ನು ಕೆರೆಯುತ್ತ ಕೂತೆ.
ವೃತ್ತ ಹೋಯಿತು. ಅಕ್ಷರವೂ ಹೆಚ್ಚುಕಡಿಮೆ ಹೋಯಿತು.
ಹೋಗುತ್ತ ಹೋಗುತ್ತ ಕಾಗದ ಸವೆದು,
ಅವನು ಖಾಲಿ ಬಿಟ್ಟಿದ್ದ ಜಾಗದಲ್ಲೇ
ಒಂದು ತೂತು.
ದೀಪಕ್ಕೆ ಹಿಡಿದು ನೋಡಿದೆ.

ನಾಳೆ ಪುಸ್ತಕ ಹಿಂದಿರುಗಿಸಬೇಕು.
ಕಾಗದ ದಂಡ ಅನ್ನುತ್ತಾನೆ.