ಬಿಡುವ ಗಾರೆ

ಹಾರ್ಸೆನ್ಸ್ ಬಂದರಿನ ಹಿಂದೆ, ಹಳೆ ಗೋದಾಮಿನಲ್ಲಿ
ಇಟ್ಟಿಗೆ ತೊಳೆಯುವುದಿಲ್ಲ ನಾವು, ಕೆರೆಯುವುದೂ ಇಲ್ಲ,
ನಡುಗಿಸುತ್ತೇವೆ.
ಯಂತ್ರದ ಉಕ್ಕಿನ ತುಟಿಗಳ ನಡುವೆ ಗದಗದ ನಡುಗಿ
ನೂರು ವರ್ಷದ ಸುಣ್ಣ ಹಿಟ್ಟಾಗಿ ಉದುರುತ್ತದೆ.

ಆಮೇಲೆ ಕೈ. ಕೊನೆಗೆ ಕೈಯೇ ಬೇಕು.
ಒಂದೊಂದನ್ನೂ ಎತ್ತಿ ಇನ್ನೊಂದರ ಮೈಗೆ ತಾಕಿಸಿ
ಮಡಕೆ ಕೊಳ್ಳುವವಳು ಬಡಿದು ನೋಡಿದ ಹಾಗೆ
ಕೇಳುತ್ತೇನೆ:
ಟಣ್ ಎಂದರೆ ಇನ್ನೊಂದು ಗೋಡೆಗೆ,
ಡಬ್ ಎಂದರೆ ತೊಟ್ಟಿಗೆ.

ಎಪ್ಪತ್ತೊಂದು ನನಗೆ. ಮಂಡಿ ಎರಡೂ ಹೋಗಿವೆ, ಕಿವಿ ಉಳಿದಿದೆ.
ಅದಕ್ಕೇ ಕೆಲಸ ಕೊಟ್ಟಳು ಸಿದ್ಸೆಲ್,
ಮೊಮ್ಮಗಳ ವಯಸ್ಸಿನ ಯಜಮಾನಿ.
ಅವಳ ಕೈಯಲ್ಲಿ ಕರಣೆಯಿಲ್ಲ, ಒಂದು ಹಲಗೆಯಿದೆ, ಬೆಳಕಿನದು.
ಹೊಸ ಕಾನೂನು, ಟೋರ್ಕಿಲ್, ಅನ್ನುತ್ತಾಳೆ,
ಕಟ್ಟುವ ಮನೆ ಎಷ್ಟು ಹೊಗೆ ಉಗುಳಿದೆಯೆಂದು
ಚದರ ಮೀಟರಿಗೆ ಲೆಕ್ಕ ಒಪ್ಪಿಸಬೇಕು,
ಇಡೀ ದೇಶಕ್ಕೆ, ದೊಡ್ಡ ಕಂಪನಿಗೂ ಸಣ್ಣ ಮೇಸ್ತ್ರಿಗೂ.
ಸುಟ್ಟ ಇಟ್ಟಿಗೆಯನ್ನು ಮತ್ತೆ ಸುಡಬೇಕಿಲ್ಲವಲ್ಲ,
ಅದರ ಹೊಗೆ ಆಗಲೇ ಹೋಗಿಯಾಗಿದೆ
ಯಾವುದೋ ರಾಜನ ಕಾಲದ ಆಕಾಶಕ್ಕೆ.

ನಗು ಬಂತು ಮೊದಲು.
ನಲವತ್ತು ವರ್ಷ ಗೋಡೆ ಎಬ್ಬಿಸಿದವನು ನಾನು,
ಹೊಗೆಯನ್ನು ತಕ್ಕಡಿಗೆ ಹಾಕಿದವನಲ್ಲ.
ತೂಗುಗುಂಡು ನೇರ ಬಿತ್ತೆ, ಸಾಲು ಸಮ ಬಂತೆ,
ಸಂಜೆಗೆ ಬಿಯರ್ ತಣ್ಣಗಿದೆಯೆ:
ಇಷ್ಟೇ ನಮ್ಮ ಶಾಸ್ತ್ರ.

ಇಟ್ಟಿಗೆಗಳ ಜೊತೆ ಮಾತು ಬೆಳೆದದ್ದು ಆಮೇಲೆ.
ಒಂದರ ಬೆನ್ನ ಮೇಲೆ ನಾಯಿಯ ಹೆಜ್ಜೆ,
ಹಸಿ ಮಣ್ಣು ತುಳಿದು ಓಡಿದ್ದು, ಬೈಸಿಕೊಂಡಿರಬೇಕು.
ಒಂದರಲ್ಲಿ ಹೆಬ್ಬೆರಳು, ಚಿಕ್ಕದು, ಹೆಂಗಸಿನದೋ ಹುಡುಗನದೋ.
ಒಂದರ ಹಳದಿ ಮೈಯೊಳಗೆ ಚಿಪ್ಪಿನ ಚೂರು.
ಇವೆಲ್ಲವನ್ನೂ ಹಿಡಿದಿದ್ದದ್ದು ಸುಣ್ಣದ ಗಾರೆ.
ಹಿಡಿದಿತ್ತು, ಬಿಗಿದಿರಲಿಲ್ಲ.
ಹೊರಟೆ ಎಂದಾಗ ಕೈ ಬಿಟ್ಟಿತು.

ಮಾರ್ಚಿನ ಒಂದು ಬೆಳಿಗ್ಗೆ, ಆಲಿಕಲ್ಲು ತಗಡಿಗೆ ಬಡಿಯುತ್ತಿದ್ದಾಗ
ವೈಲೆ ಕಡೆಯಿಂದ ಲಾರಿ ಬಂತು.
ಶಾಲೆ ಕೆಡವಿದ್ದು, ಎಂದ ಚಾಲಕ.
ಯಾವ ಶಾಲೆ?
ಹೆಸರು ಹೇಳಿದ.
ಕೈಗವಸು ತೆಗೆದೆ.

ಎಪ್ಪತ್ತನಾಲ್ಕರ ಬೇಸಿಗೆ. ಇಪ್ಪತ್ತು ನನಗೆ.
ಮೇಸ್ತ್ರಿ ಎಬ್ಬೆ ಸಿಮೆಂಟಿನ ಚೀಲ ಸೀಳುತ್ತ ಅಂದಿದ್ದ:
ಇನ್ನೊಂದು ಸಲಿಕೆ ಹಾಕು ಹುಡುಗ,
ಇದು ಪ್ರಳಯಕ್ಕೂ ಬಿಡಬಾರದು.
ಹಾಕಿದೆ. ಎರಡು ಹಾಕಿದೆ.
ಆಟದ ಮನೆಯ ಪಡುವಣ ಗೋಡೆ ಪೂರ್ತಿ ನನ್ನದು.
ಬಿಸಿಲು ಹೀರಿದ ಅದರ ಮೈಗೆ ಬೆನ್ನು ಕೊಟ್ಟು
ಬೊದಿಲ್ ಬರುವಳೆಂದು ಕಾದ ಸಂಜೆಯೊಂದಿತ್ತು.
ಬಂದಿದ್ದಳು.

ಈಗ ಯಂತ್ರದೊಳಗೆ ಆ ಗೋಡೆ.
ನಡುಗಿತು. ಮತ್ತೆ ನಡುಗಿತು.
ಬಿಡಲಿಲ್ಲ ಒಂದು ಇನ್ನೊಂದನ್ನು.
ಗಾರೆಯ ಬದಲು ಇಟ್ಟಿಗೆಯೇ ಒಡೆಯಿತು,
ಅಪ್ಪಿಕೊಂಡೇ ಮುರಿದ ಎಲುಬುಗಳಂತೆ.
ಆಗುವುದಿಲ್ಲ ಟೋರ್ಕಿಲ್, ಎಂದಳು ಸಿದ್ಸೆಲ್, ಮೆತ್ತಗೆ,
ರಸ್ತೆಯಡಿಗೆ ಜಲ್ಲಿಯಾಗಿ ಹೋಗಲಿ.

ಮನೆ ಕಟ್ಟಿ ನೋಡು ಅಂದವರುಂಟು.
ಬಿಚ್ಚಿ ನೋಡು ಅಂದವರಿಲ್ಲ.
ಅಷ್ಟು ಗಟ್ಟಿ ಕಟ್ಟಿದೆ ನಾನು,
ಇನ್ನೊಂದು ಜನ್ಮ ಉಳಿಯಲಿಲ್ಲ ಅದಕ್ಕೆ.

ಮಧ್ಯಾಹ್ನ ಕರಿ ರೊಟ್ಟಿ ತಿನ್ನುವಾಗ ಯಾರೂ ಮಾತಾಡಲಿಲ್ಲ.
ಅಂಗಳದಲ್ಲಿ ಕಲಿಯುವ ಹುಡುಗರು ಕಾಯುತ್ತಿದ್ದರು,
ಬಾಡಿಗೆ ಮನೆಗಳ ಹೊಸ ಸಾಲಿಗೆ ಹಳೆ ಇಟ್ಟಿಗೆ ಕೂರಿಸಲು.
ಬಾಂಡ್ಲಿಯಲ್ಲಿ ಸುಣ್ಣ, ಮರಳು, ನೀರು,
ಗಟ್ಟಿ ಮೊಸರಿನ ಹದಕ್ಕೆ ಕಲಸಿದೆ.
ಅಸ್ಗೆರ್ ಎಂಬವನು ಬೆರಳಲ್ಲಿ ಒತ್ತಿ ನೋಡಿದ:
ಇಷ್ಟು ಮೆದುವಾದರೆ ನಿಲ್ಲುತ್ತದೆಯೆ, ಅಜ್ಜ?

ನಿಲ್ಲುತ್ತದೆ. ನಿನಗಿಂತ ಹೆಚ್ಚು ದಿನ.
ಅಷ್ಟು ಹೇಳಿ ಸುಮ್ಮನಿರಬಹುದಿತ್ತು.
ಕರಣೆ ಅವನ ಕೈಗಿಟ್ಟು
ನಾಯಿಯ ಹೆಜ್ಜೆಯ ಇಟ್ಟಿಗೆ ಹುಡುಕಿ ತಂದೆ,
ಹೆಜ್ಜೆ ಕಾಣದ ಹಾಗೆ, ಗಾರೆಯೊಳಗೆ ಮುಚ್ಚಿಡು ಅಂದೆ.
ಯಾಕೆ ಅಂದ.
ಕೆಡವುವವರಿಗೆ ಸಿಗಲಿ.