ನಾಲ್ಕು ಜನ

ಸಿಬ್ರೆನ್ ಬರುವುದು ಮಂಗಳವಾರ, ಹತ್ತಕ್ಕೆ.
ಕೋಟು ಬಿಚ್ಚುವುದಿಲ್ಲ. ಕುರ್ಚಿಯ ತುದಿಯಲ್ಲಿ ಕೂರುತ್ತಾನೆ,
ಯಾರೋ ಎಬ್ಬಿಸಲು ಬರುವವರಿದ್ದಾರೆ ಎಂಬ ಹಾಗೆ.

ಹತ್ತೊಂಬತ್ತು ವರ್ಷ ಕಾಲುವೆಯ ಸೇತುವೆ ಎತ್ತಿದವನು.
ದೋಣಿ ಬಂದರೆ ಗುಂಡಿ ಒತ್ತಬೇಕು,
ಗಾಳದ ಕೋಲಿಗೆ ಕಟ್ಟಿದ ಮರದ ಮೆಟ್ಟು ಇಳಿಬಿಡಬೇಕು,
ಸುಂಕದ ಚಿಲ್ಲರೆ ಅದರೊಳಗೆ ಬೀಳುತ್ತದೆ.
ಮಾತಿಲ್ಲ, ಮುಖವಿಲ್ಲ. ಸುಖವಾಗಿತ್ತು, ಅನ್ನುತ್ತಾನೆ.
ಈಗ ಅದನ್ನು ಲೇವಾರ್ಡನ್ನಿನ ಪರದೆಯೊಂದು ಎತ್ತುತ್ತದೆ.
ಇವನಿಗೆ ಕಚೇರಿಯಲ್ಲಿ ಕೌಂಟರು ಕೊಟ್ಟಿದ್ದಾರೆ.

ಮೊದಲು ಮಾತು. ಆರು ವಾರ ಬರೀ ಮಾತು,
ಅದರಲ್ಲಿ ನಾಲ್ಕು ವಾರ ಬರೀ ನನ್ನದು.
'ಬ್ರೆಡ್ಡಿನಂಗಡಿಯಲ್ಲಿ ಏನಾಗುತ್ತೆ?'
'ನೋಡ್ತಾರೆ.'
'ಯಾರು?'
'ಜನ.'
'ಎಷ್ಟು ಜನ?'
ಬೆರಳು ಮಡಿಚಿ ಎಣಿಸಿದ. 'ನಾಲ್ಕು.'
ಅದೇನೋ, ಯಾವಾಗಲೂ ನಾಲ್ಕೇ.

ಹಾಗಾಗಿ ಇವತ್ತು ನಾಲ್ಕು ಜನರನ್ನು ಮಾಡಿದೆ.
ಕಣ್ಣಿಗೆ ಪೆಟ್ಟಿಗೆ ಕಟ್ಟಿಕೊಂಡು ಕೋಣೆಯ ನಡುವೆ ಅವನು,
ಮೂಲೆಯಲ್ಲಿ ಮೈಕು ಹಿಡಿದು ನಾನು.
ಟೋಪಿಯ ಮುದುಕ, ತಳ್ಳುಗಾಡಿಯ ತಾಯಿ,
ಫೋನಿನೊಳಗಿಂದ ತಲೆಯೆತ್ತುವ ಹುಡುಗ, ಕೌಂಟರಿನ ಹೆಂಗಸು.
ನಾಲ್ವರ ಬಾಯಲ್ಲೂ ನಾನೇ. ದನಿ ಬದಲಿಸಲು ಒಂದು ಗುಂಡಿ,
ಹುಬ್ಬು ಗಂಟಿಕ್ಕಲು ಇನ್ನೊಂದು.
ಎಲ್ಲೂ ಇಲ್ಲದ ಅಂಗಡಿ. ಬ್ರೆಡ್ಡಿಗೆ ವಾಸನೆಯಿಲ್ಲ.
ಅವನ ಕುತ್ತಿಗೆಯ ಬೆವರು ಮಾತ್ರ ನಿಜ.

'ಒಂದು... ಕಪ್ಪು ಬ್ರೆಡ್ಡು.'
'ಜೋರಾಗಿ ಹೇಳಿ!' ಅಂದಳು ಹೆಂಗಸು, ಅಂದರೆ ನಾನು.
'ಬಸ್ಸು ತಪ್ಪುತ್ತೆ,' ಗೊಣಗಿದ ಮುದುಕ, ಅವನೂ ನಾನು.
ಸಿಬ್ರೆನ್ನನ ಮೊಣಕಾಲು ನಡುಗುತ್ತಿತ್ತು.
ನಿಲ್ಲಿಸುವ ಗುಂಡಿಯ ಮೇಲೆ ನನ್ನ ಹೆಬ್ಬೆರಳು. ಒತ್ತಲಿಲ್ಲ.
ಒತ್ತಬಾರದು ಎಂದು ಕಲಿಸಿದ್ದಾರೆ. ಅದು ಧೈರ್ಯವಲ್ಲ.

ಆಗಲೇ ನನಗೆ ಕೆಮ್ಮು.
ಯಾವ ಗುಂಡಿ ತಪ್ಪಿತೋ, ನಾಲ್ವರೂ ಒಟ್ಟಿಗೆ ಕೆಮ್ಮಿದರು.
ಒಂದೇ ಕೆಮ್ಮು, ನಾಲ್ಕು ಬಾಯಿ.
ಸಿಬ್ರೆನ್ ತಿರುಗಿದ, ಪೆಟ್ಟಿಗೆ ಕಟ್ಟಿದ ಮುಖ
ನೆಟ್ಟಗೆ ನನ್ನ ಕಡೆಗೇ:
'ನೀರು ಕುಡೀರಿ, ಡಾಕ್ಟರೇ.'
ಮತ್ತೆ ಅತ್ತ ತಿರುಗಿ, ಕೋಣೆ ತುಂಬುವಷ್ಟು ಜೋರಾಗಿ:
'ಕಪ್ಪು ಬ್ರೆಡ್ಡು. ಹೋಳು ಮಾಡಿಕೊಡಿ.'

ಮನೆಗೆ ಹೋಗುವ ದಾರಿಯಲ್ಲಿ, ನಿಜದ ಅಂಗಡಿ.
ಬೆಚ್ಚಗಿನ ಹಿಟ್ಟಿನ ವಾಸನೆ, ಒದ್ದೆ ಕೊಡೆಗಳು,
ನನ್ನ ಮುಂದೆ ನಾಲ್ಕು ಜನ.
ಯಾರ ಬಾಯಲ್ಲೂ ನಾನಿಲ್ಲ.
ಒಬ್ಬೊಬ್ಬರೇ ಹೋದರು. ಹೆಂಗಸು ತಲೆಯೆತ್ತಿ ನೋಡಿದಳು.
ಏನು ಕೇಳಬೇಕೆಂದೇ
ಒಂದು ಗಳಿಗೆ ಹೊಳೆಯಲಿಲ್ಲ.